ಕಣ್ಣು ಮುಚ್ಚದ ಅಪ್ಪನ ಹೊಲ

ಬೆಟ್ಟಗಳು ಮಾತಾಡುತ್ತಿದ್ದ ಕಾಲದಲ್ಲಿ ಮಾರಲದೇಶ ಎಂಬ ರಾಜ್ಯವಿತ್ತು. ಅಲ್ಲಿ ಆಡಿದ ಮಾತೇ ಕಾನೂನು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿಯಿಲ್ಲ.

ಆ ರಾಜ್ಯದಲ್ಲಿ ದೊಡ್ಡೀರ ಎಂಬ ರೈತನಿದ್ದ. ಅವನಿಗೆ ಮಗಳು ಕೆಂಚವ್ವ, ಮಗ ಹಾಲಪ್ಪ. ಮಗ ನೆರಳಲ್ಲಿ ಕೂತ. ಮಗಳು ಉತ್ತಳು, ಬಿತ್ತಿದಳು, ಕಳೆ ಕಿತ್ತಳು. ಅವಳನ್ನು ಕೇಳಿ ಬಂದ ಗಂಡುಗಳನ್ನೆಲ್ಲ ಅಪ್ಪ ವಾಪಸು ಕಳಿಸಿದ. ಒಂದು ಸಂಜೆ ಊರವರ ಎದುರಿಗೇ ಹೇಳಿದ:

"ನಾನು ಕಣ್ಣು ಮುಚ್ಚಿದ ಮೇಲೆ ಈ ಹೊಲ ನಿನ್ನದು ಕಣವ್ವ."

ಕೂಲಿ ಕೊಡುವ ಬದಲು ಮಾತು ಕೊಡುವ ಅಪ್ಪಂದಿರು ಆಗಲೂ ಇದ್ದರು. ಕೆಂಚವ್ವ ನಂಬಿದಳು. ತಲೆ ನರೆಯುವ ತನಕ ದುಡಿದಳು.

ದೊಡ್ಡೀರ ಸತ್ತ. ಉಸಿರು ನಿಂತಿತು, ಮೈ ತಣ್ಣಗಾಯಿತು, ಕಣ್ಣು ಮಾತ್ರ ಮುಚ್ಚಲಿಲ್ಲ. ಜರಗ ಎಂಬ ಮಾಂತ್ರಿಕನಿಗೆ ಅರ್ಧ ಬೆಳೆಯ ಆಸೆ ತೋರಿಸಿ ಹಾಲಪ್ಪ ಮೊದಲೇ ಮಂತ್ರ ಹಾಕಿಸಿದ್ದ. ಹೆಣ ಎದ್ದು ನಡೆದು ಹೋಗಿ ಹೊಲದ ಬದುವಿನ ಮೇಲೆ ಕೂತಿತು. ಕೊಳೆಯಲಿಲ್ಲ. ಕಣ್ಣಗುಡ್ಡೆಯ ಮೇಲೆ ನೊಣ ಓಡಾಡಿದರೂ ರೆಪ್ಪೆ ಅಲುಗಲಿಲ್ಲ. ಕೆಂಚವ್ವ ಎತ್ತ ಹೋದರೂ ಆ ಕಣ್ಣು ಅತ್ತ ಹೊರಳಿತು.

"ಅಪ್ಪ ಎಲ್ಲಿ ಕಣ್ಣು ಮುಚ್ಚಿದಾನೆ ಅಕ್ಕ?" ಎಂದ ಹಾಲಪ್ಪ. "ಮುಚ್ಚೋತನಕ ಯಜಮಾನಿಕೆ ಗಂಡುಮಗನದು. ನೀನು ಕಳೆ ಕೀಳು ಹೋಗು."

ಕೆಂಚವ್ವ ದೂರು ಒಯ್ದಾಗ ರಾಜನೂ ಅದನ್ನೇ ಹೇಳಿದ. ಸುಗ್ಗಿಯೊಳಗೆ ಕಣ್ಣು ಮುಚ್ಚದಿದ್ದರೆ ಹೊಲ ತಮ್ಮನದೇ ಎಂದ.

ಮೊದಲು ಕೆಂಚವ್ವ ಅಂಗೈಯಿಂದ ಅಪ್ಪನ ರೆಪ್ಪೆ ಒತ್ತಿದಳು. ಕೈ ತೆಗೆದಳು, ಕಣ್ಣು ತೆರೆಯಿತು.

ಆಮೇಲೆ ಕರಿಗುಡ್ಡದ ಮಾತಾಡುವ ಕರಡಿಯ ಬಳಿ ಹೋದಳು. ಅದು ಅವಳ ಜಡೆ ಕೇಳಿತು. ಕತ್ತರಿಸಿ ಕೊಟ್ಟು ಜೇನುಮೇಣ ತಂದಳು. ರೆಪ್ಪೆಗೆ ಮೆತ್ತಿದಳು. ಮೇಣ ಕರಗಿ ಹೆಣದ ಕೆನ್ನೆ ಮೇಲೆ ಇಳಿಯಿತು, ಕಣ್ಣು ತೆರೆಯಿತು.

ಕೊನೆಗೆ ಏಳು ಹೆಡೆಯ ಹಾವಿನ ಹುತ್ತಕ್ಕೆ ಹೋದಳು.

"ನನಗೆ ರೆಪ್ಪೆಯೇ ಇಲ್ಲ ಮಗಳೇ, ಮುಚ್ಚುವ ವಿದ್ಯೆ ನಾನೇನು ಬಲ್ಲೆ?" ಎಂದಿತು ಹಾವು. "ಕಣ್ಣು ಬಿಟ್ಟೇ ನಿದ್ದೆ ಮಾಡುತ್ತೇನೆ. ನಿನ್ನಪ್ಪ ಹೇಗೆ ನಿದ್ದೆ ಮಾಡುತ್ತಿದ್ದ?"

ಕೆಂಚವ್ವನಿಗೆ ಮೊದಲು ನಗು ಬಂತು. ಆಮೇಲೆ ಸಿಟ್ಟು ಬಂತು.

ಸುಗ್ಗಿಯ ದಿನ ರಾಜ ಹೊಲಕ್ಕೆ ಬಂದ. ಊರೆಲ್ಲ ಸೇರಿತು.

"ದೊರೆಯೇ, ಅಪ್ಪ 'ಸತ್ತ ಮೇಲೆ' ಅನ್ನಲಿಲ್ಲ, 'ಕಣ್ಣು ಮುಚ್ಚಿದ ಮೇಲೆ' ಅಂದ. ಆ ರಾತ್ರಿಯೇ ಉಂಡು, ಮಲಗಿ, ಕಣ್ಣು ಮುಚ್ಚಿ ಗೊರಕೆ ಹೊಡೆದ. ಅವತ್ತಿನಿಂದ ಹೊಲ ನನ್ನದು. ಇಷ್ಟು ವರ್ಷ ಇವರು ಉಂಡದ್ದು ನನ್ನ ಅನ್ನ."

ಹಾಲಪ್ಪ ಬಾಯಿ ತೆರೆಯುವ ಮೊದಲೇ ಪಕ್ಕದ ಮನೆ ಮುದುಕಿ, ಆ ಗೊರಕೆಗೆ ನಮ್ಮ ಎಮ್ಮೆ ಹಗ್ಗ ಕೀಳುತ್ತಿತ್ತು ಎಂದು ಸಾಕ್ಷಿ ಹೇಳಿದಳು. ಕಾನೂನು ರಾಜನದೇ. ಅವನು ತಲೆದೂಗಲೇಬೇಕಾಯಿತು.

ಆಗ ಹೆಣದ ನೋಟ ಮೊದಲ ಸಲ ಮಗಳ ಮುಖ ಬಿಟ್ಟು ನೆಲಕ್ಕಿಳಿಯಿತು. ರೆಪ್ಪೆ ಮುಚ್ಚಿತು. ದೊಡ್ಡೀರ ಮಣ್ಣಾಗಿ ಬದುವಿನಲ್ಲಿ ಬೆರೆತುಹೋದ. ಮಂತ್ರ ಹಾರಿ ಜರಗನಿಗೇ ಅಂಟಿತು. ಮುಚ್ಚದ ಕಣ್ಣು ಹೊತ್ತು ಅವನು ಕಾಡು ಸೇರಿದ.

ಕೆಂಚವ್ವನ ಹೊಲದಲ್ಲಿ ದುಡಿದವರೆಲ್ಲ ಹೊಟ್ಟೆ ತುಂಬ ಉಂಡು ಸುಖವಾಗಿ ಬಾಳಿದರು. ಹಾಲಪ್ಪನೂ ಕುಡುಗೋಲು ಹಿಡಿದ. ಪ್ರತಿ ಸಂಜೆ ಅವಳು ತಮ್ಮನಿಗೆ ಕೂಲಿ ಕೊಟ್ಟಳು. ಮಾತು ಮಾತ್ರ ಕೊಡಲಿಲ್ಲ.