ಲಾಂಡ್ರಿಯ ಟ್ರಿಪ್ ಸ್ವಿಚ್

ಬಿರುಬೇಸಗೆ, ಸೋಮವಾರ, ಬೆಳಗ್ಗೆ ಹತ್ತು ಗಂಟೆ. ಒಗೆಯುವ ಯಂತ್ರದ ಬುಡದಲ್ಲಿ, ಒದ್ದೆ ನೆಲದ ಮೇಲೆ ಲಾಂಡ್ರಿಯ ಒಡತಿಯರಲ್ಲಿ ಕಿರಿಯಳು, ತಂಗಿ, ಬಿದ್ದಿದ್ದಳು. ಕೈ ಸೆಟೆದಿತ್ತು. ಉಸಿರಿರಲಿಲ್ಲ.

ಅಕ್ಕ ತಂಗಿ ಇಬ್ಬರೇ ಕಟ್ಟಿದ ಲಾಂಡ್ರಿ ಅದು. ನಾನು ಅಲ್ಲಿ ಇಸ್ತ್ರಿ ಮಾಡುವ ಮುದುಕ. ಊರಿನ ಕರೆಂಟು ಅಲ್ಲಿಗೆ ಬಂದಿರಲಿಲ್ಲ. ಮಾಡಿನ ಮೇಲೆ ಸೋಲಾರ್, ಒಳಗೆ ಬ್ಯಾಟರಿ, ಇನ್ವರ್ಟರ್. ವೈರಿಂಗ್ ಮಾಡಿದವನು ನನ್ನ ಅಳಿಯ. ಸಂಜೆಯೊಳಗೆ ಪೊಲೀಸರು ಅವನನ್ನು ಹಿಡಿದುಕೊಂಡು ಹೋದರು. ಮಗಳು ನನ್ನ ಮುಖವನ್ನೇ ನೋಡುತ್ತಾ ಕೂತಳು.

ಮರುದಿನ ವಿದ್ಯುತ್ ಪರೀಕ್ಷಕಿ ಬಂದರು. ಸಣ್ಣ ಹೆಂಗಸು, ದೊಡ್ಡ ಚೀಲ. ಯಂತ್ರದೊಳಗಿನ ವೈರು ಸವೆದು ಅದರ ಮೈಗೆಲ್ಲ ಕರೆಂಟು ಹರಿದಿತ್ತು. ಹಾಗಾದರೆ, ಹೋದ ಕರೆಂಟು ಅಷ್ಟೂ ಮರಳದಿದ್ದರೆ ತಾನೇ ಬೀಳಬೇಕಾದ ಟ್ರಿಪ್ ಸ್ವಿಚ್ ಯಾಕೆ ಬೀಳಲಿಲ್ಲ?

ಅದು ಚೆನ್ನಾಗೇ ಇದೆ ಎಂದಳು ಅಕ್ಕ. ದಿನಾ ಟೆಸ್ಟ್ ಬಟನ್ ಒತ್ತಿ ನೋಡಿಯೇ ಕೆಲಸ ಶುರುಮಾಡುತ್ತಿದ್ದಳಂತೆ. ಪರೀಕ್ಷಕಿ ಒತ್ತಿದರು. ಟಕ್ಕೆಂದು ಬಿತ್ತು.

"ತಾತ, ಮೊದಲು ಇದು ಸುಮ್ಮಸುಮ್ಮನೆ ಬೀಳ್ತಿತ್ತಾ?"

"ಬೀಳ್ತಿತ್ತಮ್ಮ. ನೀರಿನ ಪಂಪು ಹಾಕಿದ್ರೆ ಸಾಕು, ಹೊಸ ಬೀಗರ ಹಾಗೆ ಮುನಿಸ್ಕೋತಿತ್ತು. ಒಂದು ತಿಂಗಳಿಂದ ತೆಪ್ಪಗಿದೆ."

ಅವರು ಇನ್ವರ್ಟರ್ ಪಕ್ಕದ ಪೆಟ್ಟಿಗೆ ಬಿಚ್ಚಿದರು. ಕರೆಂಟು ಮರಳಿ ಬರುವ ನ್ಯೂಟ್ರಲ್ ತಂತಿಯನ್ನು ನೆಲಕ್ಕೆ ಹೋಗುವ ಅರ್ತ್ ತಂತಿಗೆ ಕೂಡಿಸುವ ಗೇಣುದ್ದದ ಹಸಿರು ವೈರಿನ ಒಂದು ತುದಿ ಕಳಚಿತ್ತು, ಅದನ್ನು ದಾರ ಸುತ್ತಿ ಬದಿಗೆ ಕಟ್ಟಿತ್ತು. ಅಳಿಯ ಅದನ್ನು ಕೂಡಿಸಲೇ ಇಲ್ಲ ಎಂಬುದು ಪೊಲೀಸರ ಮಾತು.

"ವೈರಿಂಗ್‌ನವನು ಟೇಪು ಸುತ್ತುತ್ತಾನೆ," ಎಂದರು ಪರೀಕ್ಷಕಿ. "ಇಲ್ಲಿರೋದು ಕೆಂಪು ದಾರ. ಗಿರಾಕಿ ಬಟ್ಟೆಗೆ ನೀವು ನಂಬರ್ ಚೀಟಿ ಕಟ್ಟೋ ದಾರ. ತಾತ, ಈ ಗಂಟು ಯಾರದು?"

ಹನ್ನೊಂದು ವರ್ಷ ಆ ಗಂಟು ಬಿಚ್ಚಿದ ಕೈ ನನ್ನದು. ಎರಡು ಸುತ್ತು, ಎಡಕ್ಕೊಂದು ಕುಣಿಕೆ. ಹೇಳಿದರೆ ಅಳಿಯ ಮನೆಗೆ ಬರುತ್ತಾನೆ. ಆದರೂ ಇಸ್ತ್ರಿ ಮೇಜಿನ ಕಡೆ ತಿರುಗಿದೆ.

"ನಂದೇ," ಎಂದಳು ಅಕ್ಕ. "ಯಂತ್ರ ನಿಂತಾಗೆಲ್ಲ ಒದ್ದೆ ಬಟ್ಟೆ ಅವಳೇ ಹಿಂಡ್ತಿದ್ಲು. ಬೆರಳೆಲ್ಲ ಬಿರಿದಿದ್ವು. ಈ ವೈರು ಬಿಚ್ಚಿದ್ಮೇಲೆ ನಿಲ್ಲಲೇ ಇಲ್ಲ. ಬಟನ್ ಮಾತ್ರ ದಿನಾ ಒತ್ತಿದೀನಿ, ಮೇಡಂ."

ಪರೀಕ್ಷಕಿ ಪೆಟ್ಟಿಗೆಯ ಮುಚ್ಚಳ ಕೆಳಗಿಟ್ಟರು. ಆಮೇಲೆ ಮೆಲ್ಲಗೆ ತಿಳಿಸಿ ಹೇಳಿದರು. ಬಟನ್ ಸ್ವಿಚ್ಚನ್ನಷ್ಟೇ ಪರೀಕ್ಷಿಸುತ್ತದೆ, ಆ ವೈರನ್ನಲ್ಲ. ಪಂಪಿನ ನ್ಯೂಟ್ರಲ್ ಒದ್ದೆ ಮಣ್ಣಿಗೆ ತಾಗಿತ್ತು. ಸ್ವಿಚ್ ಬಿದ್ದು ಬಿದ್ದು ಹೇಳುತ್ತಿದ್ದುದು ಅದನ್ನೇ. ವೈರು ಬಿಚ್ಚಿದ ಮೇಲೆ ಅದರ ಬಾಯಿ ಕಟ್ಟಿತು. ಸೋಮವಾರ ಕರೆಂಟು ತಂಗಿಯ ಮೈಯಿಂದ ನೆಲಕ್ಕಿಳಿದು, ಪಂಪಿನ ದಾರಿ ಹಿಡಿದು ಸ್ವಿಚ್ಚಿಗೇ ಮರಳಿತು. ಹೋದಷ್ಟೂ ಬಂದಿದ್ದರಿಂದ ಅದಕ್ಕೆ ಏನೂ ತಿಳಿಯಲಿಲ್ಲ.

ಬುಧವಾರ ಅಳಿಯ ಮನೆ ಸೇರಿದ. ಗುರುವಾರ ಬೆಳಗ್ಗೆ ಅಕ್ಕ ಗಿರಾಕಿಗಳ ಬಟ್ಟೆಯನ್ನೆಲ್ಲ ನಂಬರು ನೋಡಿ ಜೋಡಿಸಿಟ್ಟು ಪೊಲೀಸರ ಜೊತೆ ಹೊರಟಳು.