ಹೊಲಿಗೆ ಕೋಣೆಯ ವಾಲ್ವ್

ಅಣ್ಣ ಹೋದ ಸುದ್ದಿ ಮನೆಗೆ ಬಂದಾಗ ಅವಳು ನಗುತ್ತಿದ್ದಳು. ಆ ನಗುವನ್ನು ಎಲ್ಲಿಡಬೇಕೆಂದು ಅವಳಿಗೆ ಆಮೇಲೆ ತಿಳಿಯಲೇ ಇಲ್ಲ.

ಬಾಗಿಲಲ್ಲಿ ನಿಂತವನು ಅಣ್ಣನ ಜೊತೆ ನೆಲ ಕೊರೆಯುವ ಕೆಲಸ ಮಾಡುವ ಗೆಳೆಯ, ಮನೆಮಂದಿಗೆಲ್ಲ 'ಪಾರ್ಟ್ನರ್'. ತಲೆ ತಗ್ಗಿಸಿ, ಕೈಯಲ್ಲಿದ್ದ ಟೋಪಿಯನ್ನು ಹಿಂಡುತ್ತಿದ್ದ. ಎಷ್ಟೋ ದಿನದಿಂದ ಅವನ ಕಣ್ಣಂಚಿನಲ್ಲಿ ಸುಳಿದಾಡುತ್ತಿದ್ದ ಮಾತು ಇಂದು ಬಾಯಿಗೆ ಬಂದಿದೆ ಎಂದುಕೊಂಡಳು. ಕೆನ್ನೆ ಕೆಂಪಾಯಿತು.

"ಏನ್ ಪಾರ್ಟ್ನರ್, ಟೋಪಿ ಒಗೆದು ಹಿಂಡ್ತಿದ್ದೀರಾ? ಹೇಳೋದಿದ್ರೆ ಹೇಳ್ಬಿಡಿ. ನಾನೇನು ಹುಲಿನಾ?"

ಅವನು ಹೇಳಿದ. ಸೈಟಿನಲ್ಲಿ ಯಂತ್ರದ ಪಕ್ಕದಲ್ಲೇ ಅಣ್ಣ ಎದೆ ಹಿಡಿದು ಕುಸಿದಿದ್ದ. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು.

ಅವಳ ಕಾಲಡಿಯ ನೆಲ ಮಾತ್ರ ಎಂದಿನಂತೆ ಬೆಚ್ಚಗಿತ್ತು.

ಹಿತ್ತಲಲ್ಲಿ ಆಳವಾಗಿ ಕೊರೆದು, ಪೈಪ್ ಇಳಿಸಿ, ನೀರು ಹರಿಸಿದ್ದು ಅಣ್ಣ, ಪಾರ್ಟ್ನರ್ ಇಬ್ಬರೇ. ಬೇಸಿಗೆಯಲ್ಲಿ ಆ ನೀರು ಮನೆಯ ಸೆಕೆಯನ್ನು ಹೊತ್ತೊಯ್ದು ಮಣ್ಣಿನಲ್ಲಿ ಬಿಟ್ಟು ಬರುತ್ತದೆ. ಚಳಿಗಾಲದಲ್ಲಿ ಅದೇ ಬಿಸಿಯನ್ನು ಎತ್ತಿ ತರುತ್ತದೆ, ಪಂಪು ಅದನ್ನು ಹೆಚ್ಚಿಸಿ ಕೋಣೆಗಳ ನೆಲದಡಿಯ ಪೈಪುಗಳಿಗೆ ಹರಡುತ್ತದೆ. "ಭೂಮಿ ಯಾರದ್ದನ್ನೂ ಇಟ್ಕೊಳ್ಳಲ್ಲ ಕಣೇ, ವಾಪಸ್ ಕೊಡುತ್ತೆ" ಎನ್ನುತ್ತಿದ್ದ ಅಣ್ಣ. ಈಗ ಮೇಲೇರುತ್ತಿರುವುದು ಅವನು ಬದುಕಿದ್ದ ಬೇಸಿಗೆಯ ಬಿಸಿ.

ಅದರಲ್ಲೂ ಅವಳ ಹೊಲಿಗೆ ಕೋಣೆ ಉಳಿದವಕ್ಕಿಂತ ಬೆಚ್ಚಗೆ. ಬರಿಗಾಲಲ್ಲಿ ಮೆಷಿನ್ ತುಳಿಯುವ ತಂಗಿಯ ಪಾದ ಮರಗಟ್ಟಬಾರದೆಂದು ಅಣ್ಣನೇ ಆ ಕೋಣೆಗೆ ಬಿಸಿನೀರು ಬಿಡುವ ವಾಲ್ವ್ ಪೂರ್ತಿ ತೆರೆದಿಟ್ಟಿದ್ದಾನೆ ಎಂದು ಅವಳು ನಂಬಿದ್ದಳು.

ಚಳಿ ಬಲಿತಂತೆ ಅಮ್ಮನ ಕೋಣೆ ತಣ್ಣಗಾಯಿತು. ಪಾರ್ಟ್ನರ್ ಬಂದು ಗೋಡೆಯ ಪೆಟ್ಟಿಗೆ ತೆರೆದು, ಸಾಲು ವಾಲ್ವ್‌ಗಳ ಮುಂದೆ ಕುಳಿತ.

"ನಿಮ್ಮ ಕೋಣೆಗೆ ನೀರು ಜಾಸ್ತಿ ಹೋಗ್ತಿದೆ. ಸ್ವಲ್ಪ ತಿರುಗಿಸ್ಬೇಕು."

"ಮುಟ್ಬೇಡಿ! ಅದು ಅಣ್ಣ ತಿರುಗಿಸಿಟ್ಟಿದ್ದು."

ಅವನ ಕೈ ಅಲ್ಲೇ ನಿಂತಿತು. ಬಾಯಿ ತೆರೆದ, ಅವಳನ್ನೊಮ್ಮೆ ನೋಡಿದ, ಪೆಟ್ಟಿಗೆ ಮುಚ್ಚಿ ಎದ್ದುಹೋದ.

ಅವಳಿಗೆ ಏನೊಂದೂ ಅರ್ಥವಾಗಲಿಲ್ಲ. ಹಿಂದೆಲ್ಲ ನೂಲಿನ ಉಂಡೆ ಉರುಳಿದರೂ ಓಡಿಬಂದು ಎತ್ತಿಕೊಡುತ್ತಿದ್ದವನು ಈಗ ಕಣ್ಣು ತಪ್ಪಿಸುತ್ತಾನೆ. ಬರುವುದು ಅಣ್ಣನ ಮೇಲಿನ ಪ್ರೀತಿಗೋ, ತನಗಾಗಿಯೋ? ಇಂಥ ಹೊತ್ತಿನಲ್ಲೂ ಅವನ ಹೆಜ್ಜೆಸದ್ದಿಗೆ ಕಿವಿಗೊಡುವ ತನ್ನ ಮನಸ್ಸಿಗೆ ಏನನ್ನಬೇಕು? ದೇವರ ಮುಂದೆ ಕುಳಿತರೆ ಅಣ್ಣನ ಮುಖ ಬರಬೇಕಾದಲ್ಲಿ ಆ ಹಿಂಡಿದ ಟೋಪಿ ಬರುತ್ತಿತ್ತು.

ಅಮ್ಮ ಶಾಲಿನ ಮೇಲೆ ಶಾಲು ಹೊದ್ದು ಕೆಮ್ಮತೊಡಗಿದಾಗ ಅವಳ ಹಟ ಕರಗಿತು. ಅವನನ್ನು ಕರೆಸಿದಳು.

"ತಿರುಗಿಸಿ. ಆದ್ರೆ ಅವತ್ತು ಏನೋ ಹೇಳೋಕೆ ಹೋಗಿ ನುಂಗಿದ್ರಿ. ಏನದು?"

"ಬೇಡ ಬಿಡಿ. ಹೇಳಿದ್ರೆ ನಿಮ್ಮಿಂದ ಏನೋ ಕಿತ್ಕೊಂಡ ಹಾಗಾಗುತ್ತೆ."

"ಕಿತ್ಕೊಳ್ಳೋಕೆ ಇನ್ನೇನು ಉಳಿದಿದೆ? ಹೇಳಿ."

ಅವನು ವಾಲ್ವ್‌ಗಳನ್ನೇ ನೋಡುತ್ತ, "ಅದನ್ನ ತೆರೆದಿಟ್ಟಿದ್ದು ನಿಮ್ಮಣ್ಣ ಅಲ್ಲ, ನಾನು" ಎಂದ. "ನೀವು ಹೊಲಿಯೋದು ಬಿಟ್ಟು ಪಾದ ಉಜ್ಜಿಕೊಳ್ತಾ ಕೂತಿರೋದು... ನೋಡೋಕಾಗ್ತಿರಲಿಲ್ಲ."

ಅಣ್ಣ ಬಿಟ್ಟುಹೋದದ್ದೆಂದು ಅಪ್ಪಿಕೊಂಡಿದ್ದ ಬಿಸಿ ಇನ್ನೊಬ್ಬನದು. ಸಿಟ್ಟು ಬಂತು, ಅದರ ಬೆನ್ನಿಗೇ ಎಂಥದೋ ಸುಖ, ಅದರ ಬೆನ್ನಿಗೇ ನಾಚಿಕೆ.

"ಅಣ್ಣನಿಗೆ ಗೊತ್ತಿತ್ತಾ?"

"ಗೊತ್ತಾಗದೆ ಇರುತ್ತಾ? ಒಂದು ಕೋಣೆ ಕೂದಲೆಳೆಯಷ್ಟು ಹೆಚ್ಚುಕಮ್ಮಿ ಆದ್ರೂ ನನ್ನ ಜನ್ಮ ಜಾಲಾಡ್ತಿದ್ದ. ಪೆಟ್ಟಿಗೆ ತೆಗೆದ. ವಾಲ್ವ್ ನೋಡಿದ, ನನ್ನ ಮುಖ ನೋಡಿದ. 'ಓಹೋ, ಹೀಗೋ ಸಮಾಚಾರ' ಅಂದ."

"ಬೈದನಾ?"

"ಬೈಲಿಲ್ಲ. ತಿರುಗಿಸಲೂ ಇಲ್ಲ. ಹಾಗೇ ಪೆಟ್ಟಿಗೆ ಮುಚ್ಚಿ, ಸಿಳ್ಳೆ ಹಾಕ್ತಾ ಹೋದ."

ಅಣ್ಣನ ಆ ಸಿಳ್ಳೆ ಅವಳಿಗೆ ಕೇಳಿಸಿದಂತಾಯಿತು. ಆ ದಿನದ ನಂತರ ಮೊದಲ ಸಲ ನಕ್ಕಳು, ಕಣ್ಣೀರು ತುಟಿಗಿಳಿಯಿತು.

"ಮೊದ್ಲು ಅಮ್ಮನ ಕೋಣೆ ಬೆಚ್ಚಗೆ ಮಾಡಿ. ಆಮೇಲೆ ಅಮ್ಮನ ಹತ್ರ ಹೋಗಿ ಮಾತಾಡಿ. ಟೋಪಿ ಮಾತ್ರ ಇಲ್ಲೇ ಇಟ್ಟು ಹೋಗಿ, ಅದನ್ನ ಹಿಂಡೋದು ನೋಡೋಕೆ ನನ್ನಿಂದಾಗಲ್ಲ."

ಅವನು ತಲೆಯೆತ್ತಿದ. ಈ ಸಲ ಕಣ್ಣು ತಪ್ಪಿಸಲಿಲ್ಲ.

ಅವನ ಕೈಯಲ್ಲಿ ವಾಲ್ವ್ ಮೆಲ್ಲನೆ ತಿರುಗುತ್ತಿದ್ದಂತೆ ಅವಳು ಬರಿಗಾಲಲ್ಲಿ ನಿಂತು ಕಣ್ಣು ಮುಚ್ಚಿದಳು. ಈಗ ಅಣ್ಣನ ಮುಖವೇ ಬಂತು.

ದೇವರೇ, ಎಷ್ಟೋ ಮನೆಗಳನ್ನು ಬೆಚ್ಚಗಿಟ್ಟ ಕೈ ನನ್ನಣ್ಣನದು. ದುಡಿದು ದಣಿದಿದೆ. ನಿನ್ನ ಮಡಿಲಲ್ಲಿ ಅವನನ್ನು ನೆಮ್ಮದಿಯಾಗಿ ಮಲಗಿಸಿಕೋ.