ಶನಿವಾರದ ಓದು

"ಫಾದರ್‌ಗೆ ಯಾಕ ಹೇಳಿದಿ?"

ಮೌಳಂಗಿಯ ನದಿ ದಂಡೆಯಲ್ಲಿ ಪ್ರವಾಸಿಗರ ನಡುವೆ ಕೂತಿದ್ದ ಗೈಡ್ ಕೆವಿನ್ ತಲೆ ಎತ್ತಿದ. ಎದುರಿಗೆ ಜ್ಯೂಲಿ! ಹಳಿಯಾಳದ ಬಸ್ಸಿಳಿದು ಸೀದಾ ಬಂದಿದ್ದಳು.

"ಇಲ್ಲಿ ಬ್ಯಾಡ... ಆ ಕಡೆ ಹೋಗೂಣು ಬಾ."

"ಯಾಕ? ಊರಿಗೆಲ್ಲಾ ಗೊತ್ತಾಗೇತಿ. ಇವರಿಗೂ ಗೊತ್ತಾಗ್ಲಿ!"

ಪಾಪ, ಅವಳ ಸಿಟ್ಟಿಗೆ ಕಾರಣವಿತ್ತು. ಅವರ ಸಿದ್ದಿ ಕೇರಿಯ ಚರ್ಚಿನಲ್ಲಿ ಭಾನುವಾರ ಬೈಬಲ್ ಓದುವವಳು ಜ್ಯೂಲಿ. ಓದು ಬಾರದ ಮುದುಕಿಯರು ಅವಳ ದನಿ ಕೇಳಲೆಂದೇ ಮುಂದಿನ ಸಾಲು ಹಿಡಿಯುತ್ತಿದ್ದರು. ಆದರೆ ಕಳೆದ ವರ್ಷದ ಜ್ವರದ ನಂತರ ಸಣ್ಣ ಅಕ್ಷರ ಅವಳಿಗೆ ಕಾಣುತ್ತಿರಲಿಲ್ಲ. ಕನ್ನಡಕ ಬದಲಿಸಿದರೂ ಅಷ್ಟೇ. ಗುಟ್ಟು ಗೊತ್ತಿದ್ದದ್ದು ಕೆವಿನ್‌ಗೆ ಮಾತ್ರ. ಶನಿವಾರ ಸಂಜೆ ಅವನು ಓದುತ್ತಿದ್ದ, ಅವಳು ಬಾಯಿಪಾಠ ಮಾಡುತ್ತಿದ್ದಳು. ಮರುದಿನ ಪುಸ್ತಕ ಬಿಡಿಸಿಕೊಂಡು ಓದಿದಂತೆ ಹೇಳುತ್ತಿದ್ದಳು.

ನಿನ್ನೆ ಅವಳು ಓದಲು ಎದ್ದು ನಿಲ್ಲುವ ಮೊದಲೇ ಫಾದರ್ ಅವಳ ಬದಲು ಗಂಗೂ ಎಂಬ ಹುಡುಗಿಯನ್ನು ಕರೆದರು. "ಕಣ್ಣಿಗೆ ಸ್ವಲ್ಪ ವಿಶ್ರಾಂತಿ ಕೊಡು ಮಗಳೇ, ಕೆವಿನ್ ಎಲ್ಲಾ ಹೇಳಿದ" ಎಂದು ಜ್ಯೂಲಿಗೆ ಹೇಳಿದರು. ಎಲ್ಲರ ಎದುರಿಗೆ!

'ಅವನಿಗೆ ಬೇಸರ ಬಂದಿತ್ತು... ನನ್ನಿಂದ ಬಿಡುಗಡೆ ಬೇಕಾಗಿತ್ತು.' ರಾತ್ರಿಯಿಡೀ ಎದೆ ಕೊರೆದದ್ದು ಇದೊಂದೇ ಮಾತು.

ಕೆವಿನ್ ಎರಡು ತೆಳ್ಳನೆಯ ಹಲಗೆಗಳನ್ನು ಮುಂದೆ ಹಿಡಿದ. "ಇ-ರೀಡರ್ ಅಂತಾರ, ಪುಸ್ತಕ ಓದೂ ಯಂತ್ರ. ಹೊಳಿಯೂದು ಗೆಸ್ಟ್‌ದು. ನೋಡಾಕ ಚಂದ, ಆದ್ರ ಬಿಸಿಲಾಗ ನಮ್ಮ ಮಾರಿನ ಕಾಣತೈತಿ, ಕಣ್ಣು ಉರಿತಾವ. ಈ ಮಬ್ಬಂದು ಕಾಗದದಂಗ ಐತಿ. ಇದನ್ನ ನಿನಗಂತ ತರಿಸೇನಿ."

"ಇದಕ್ಕೂ ಫಾದರ್‌ಗೂ ಏನು ಸಂಬಂಧ?"

"ಕನ್ನಡ ಹಾಕಿದ್ರ ಒತ್ತಕ್ಷರ ಒಡದು ಬರೇ ಚೌಕ ಬರತಿದ್ವು. ಫಾದರ್ ಕಂಪ್ಯೂಟರಿನಾಗ ದೊಡ್ಡ ಅಕ್ಷರದ ಪುಟ ಮಾಡಿಕೊಟ್ರು. ಅದಕ್ಕ ಹೇಳಬೇಕಾತು. ಗಂಗೂನ ಕರೀತಾರಂತ ಗೊತ್ತಿರಲಿಲ್ಲ... ಮುಂದಿನ ವಾರ ನೀನ ಓದಬೇಕಂತ."

ಜ್ಯೂಲಿ ಅದನ್ನು ಕಸಿದುಕೊಂಡಳು. ಅವನು ತೋರಿಸಿದ ಗುಂಡಿ ಒತ್ತಿದಳು. ಅಕ್ಷರಗಳು ದೊಡ್ಡವಾದವು... ಇನ್ನೂ ದೊಡ್ಡವಾದವು! ಒಂದು ವರ್ಷದ ನಂತರ ಒಂದಿಡೀ ಸಾಲನ್ನು ತಾನೇ ಓದಿದಳು. ಕಣ್ಣು ತುಂಬಿತು. ಸಿಟ್ಟು ಮಾತ್ರ ಇಳಿಯಲಿಲ್ಲ.

"ಅದು ನನ್ನ ಗುಟ್ಟು, ಕೆವಿನ್. ನನ್ನ ಒಂದ ಮಾತು ಕೇಳಬೇಕಿತ್ತು."

"ಕೇಳಿದ್ರ ಬ್ಯಾಡ ಅಂತಿದ್ದಿ. ಅದಕ್ಕ ಕೇಳಲಿಲ್ಲ. ತಪ್ಪು ನಂದ."

"ಇನ್ನ ಶನಿವಾರ ಬರೂ ಕಾಟ ತಪ್ಪಿತು. ಅಷ್ಟ ಬೇಕಿತ್ತಲ್ಲಾ ನಿನಗ?"

ಕೆವಿನ್ ಮುಖ ಸಪ್ಪಗಾಯಿತು.

"ಬೈಬಲ್ ಓದಾಕ ಬರತಿದ್ನೇನ, ಹುಚ್ಚಿ? ನಿನ್ನ ಮುಂದ ಕೂಡ್ರಾಕ ಒಂದು ನೆಪ ಬೇಕಿತ್ತು. ಈಗ ಅದನ್ನೂ ನಾನ ಕೈಯಾರೆ ಕಳಕೊಂಡೆ."

ಜ್ಯೂಲಿ ಈಗ ಪಕ್ಕದ ಗುಂಡಿ ಒತ್ತುತ್ತಾ ಹೋದಳು. ಅಕ್ಷರಗಳು ಇರುವೆ ಸಾಲಿನಷ್ಟು ಸಣ್ಣಗಾದವು. ಹಲಗೆಯನ್ನು ಅವನ ಮಡಿಲಿಗೆ ಹಾಕಿ ಪಕ್ಕದಲ್ಲಿ ಕೂತಳು.

"ಕಾಣವಲ್ದು... ನೀನ ಓದು."

"ಇವತ್ತ ಸೋಮವಾರ, ಜ್ಯೂಲಿ!"

"ಗೊತ್ತೈತಿ. ಓದು ಅಂದೆ."